ಕೊಡಿಯಾಲ್‌ಬೈಲಿನಲ್ಲಿ ಮೇಲೆ ನೋಡಿದವಳು

ಶಕ್ತಿನಗರ, ಮಂಗಳೂರು
5 ಡಿಸೆಂಬರ್ 2024

ಕೊಚ್ಚಿಯಲ್ಲಿ ಕ್ಯಾಮೆರಾ ಹಿಡಿದು ಮೆರೆಯುತ್ತಿರುವ ನನ್ನ ಏಕಮಾತ್ರ ಪುತ್ರಿ ಪ್ರಣೀತಾಳಿಗೆ,

ಪರದೆ ಸರಿಯಿತು ಎಂದು ತಿಳಿ! ರಂಗದ ನಟ್ಟನಡುವೆ ಒಬ್ಬನೇ ಒಬ್ಬ. ಕುತ್ತಿಗೆಗೆ ಮಫ್ಲರ್, ಕೈಯಲ್ಲಿ ಸ್ಲೇಟು, ಬಾಯಿಗೆ ಬೀಗ. ಮೈಕ್ ಕೈಕೊಟ್ಟ ದಿನವೂ ಕೊನೆಯ ಸಾಲಿನ ಆಚೆ ಚರುಮುರಿ ಮಾರುವವನಿಗೆ ಕೇಳಿಸುತ್ತಿದ್ದ ಸ್ವರ ಈಗ ಡಾಕ್ಟರರ ಸೆರೆಯಲ್ಲಿ ಉಂಟು. "ಗಂಟಲಿನ ಗಂಟು ತೆಗೆದಾಯಿತು ಲೋಕಯ್ಯ. ಇನ್ನು ನಾನು ಹೇಳುವ ತನಕ ಪಿಸುಮಾತು ಕೂಡ ಬೇಡ. ಆಡಿದ್ರೆ ಆ ಸ್ವರ ವಾಪಸ್ ಬರ್ಲಿಕ್ಕಿಲ್ಲ" ಅಂದಿದ್ದಾರೆ. ನಲವತ್ತು ವರ್ಷ ತುಳು ನಾಟಕದಲ್ಲಿ ಗರ್ಜಿಸಿದವನಿಗೆ ಈ ಶಿಕ್ಷೆ!

ನಿನ್ನ ಅಮ್ಮ ದೇಯಿಗೆ ಮಾತ್ರ ಪರಮಾನಂದ. "ಮದುವೆಯಾದ ಮೇಲೆ ಮೊದಲ ಸಲ, ನಾನು ಶುರು ಮಾಡಿದ ಮಾತನ್ನು ನಾನೇ ಮುಗಿಸ್ತಾ ಇದ್ದೇನೆ" ಎಂದು ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಮೊಬೈಲಿನಲ್ಲಿ ಬರೆಯಿರಿ ಅಂತಿ ನೀನು. ನನ್ನ ಹೆಬ್ಬೆರಳು ಒಂದು ಅಕ್ಷರದ ಮೇಲೆ ಕೂತರೆ ನಾಲ್ಕು ಅಕ್ಷರ ಒಟ್ಟಿಗೆ ಎದ್ದು ನಿಲ್ಲುತ್ತವೆ. ಆದ್ದರಿಂದ ಕಾಗದ. ನೀನೂ ಕಾಗದದಲ್ಲೇ ಉತ್ತರಿಸಬೇಕು. ಇದು ರಾಜಾಜ್ಞೆ.

ಈಗ ವಿಷಯಕ್ಕೆ. ನೀನು ಕಳಿಸಿದ ಫೋಟೋ ನಿನ್ನೆ ಬಂತು. ಆಪರೇಷನ್‌ಗೆಂದು ಊರಿಗೆ ಬಂದಿದ್ದಾಗ, ನನ್ನ ಮದ್ದು ತರಲು ಹೋದವಳು ಕೊಡಿಯಾಲ್‌ಬೈಲಿನ ರಸ್ತೆಬದಿಯಲ್ಲಿ ಹೊಡೆದದ್ದಂತೆ. ಕವರ್ ಹರಿದೆ. ಮಗಳೇ, ಕೂತವನು ಎದ್ದು ನಿಂತೆ!

ಬಸ್ಸು, ರಿಕ್ಷಾ, ಸ್ಕೂಟರು. ಚಿತ್ರದೊಳಗಿಂದ ಹಾರ್ನ್ ಕೇಳಿಸುವಷ್ಟು ಗಲಾಟೆ. ಎಲ್ಲರ ಕಣ್ಣೂ ರಸ್ತೆಯ ಮೇಲೆ. ಅವರ ನಡುವೆ ಫುಟ್‌ಪಾತಿನಲ್ಲಿ ಒಬ್ಬಳು ಹೆಂಗಸು. ಕಪ್ಪು ಬುರ್ಖಾ, ಕಡುಗೆಂಪು ಶಾಲು, ಕೈಯಲ್ಲಿ ಬೀಗದ ಕೈಯ ಗೊಂಚಲು. ಅವಳೊಬ್ಬಳೇ ತಲೆಯೆತ್ತಿ ಮೇಲೆ ನೋಡುತ್ತಿದ್ದಾಳೆ. ಏನನ್ನು? ಅದು ಚಿತ್ರದಲ್ಲಿ ಇಲ್ಲ. ಆದರೆ ಆ ಮುಖ! ಬಾಯಿ ತುಸು ತೆರೆದಿದೆ. ಕಣ್ಣಿನಲ್ಲಿ ಯಾರೋ ದೀಪ ಹಚ್ಚಿಟ್ಟ ಹಾಗೆ ಉಂಟು. ತಾನೊಬ್ಬಳು ಇದ್ದೇನೆ ಎಂಬುದನ್ನೇ ಮರೆತ ಮುಖ ಅದು.

ನಿನಗೆ ಒಂದು ಸತ್ಯ ಹೇಳಲಾ? ಈ ಮುಖವನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ರಂಗದ ದೀಪ ಕಣ್ಣಿಗೆ ಹೊಡೆಯುವಾಗ ಆಚೆ ಬರೀ ಕತ್ತಲೆ. ಚಪ್ಪಾಳೆ ಕೇಳಿದ್ದೇನೆ, ಸಿಳ್ಳೆ ಕೇಳಿದ್ದೇನೆ, ನಿಟ್ಟುಸಿರು ಕೂಡ ಕೇಳಿದ್ದೇನೆ. ಬೆರಗಾದ ಮನುಷ್ಯನ ಮುಖ ಹೇಗಿರುತ್ತದೆಂದು ನೋಡಲಿಕ್ಕೆ ನನಗೆ ಸಿಕ್ಕಿದ್ದೇ ಇಲ್ಲ. ನಿನ್ನೆ ಸಿಕ್ಕಿತು.

ಆಮೇಲೆ ನಿನ್ನ ಚೀಟಿ ಓದಿದೆ. "ಕ್ಯಾಮೆರಾವನ್ನು ಸೊಂಟದ ಹತ್ತಿರ ಹಿಡಿದು, ಬೇರೆಲ್ಲೋ ನೋಡುವ ಹಾಗೆ ನಟಿಸಿ ತೆಗೆದೆ." ನಟಿಸಿ! ನನ್ನ ಮಗಳು ನಟನೆ ಕಲಿತದ್ದು ಕದಿಯಲಿಕ್ಕಾ? ನಾವು ಜನರ ಮುಂದೆ ಬರುವುದು ಗಂಟೆ ಹೊಡೆದು, ಹೆಸರು ಕೂಗಿ, ಪರದೆ ಎತ್ತಿಸಿ. ನೀನು ಎದುರು ಹೋಗಿ, "ಅಕ್ಕಾ, ನಿಮ್ಮದೊಂದು ಫೋಟೋ ತೆಗೆಯಲಾ?" ಎಂದು ಕೇಳಿದ್ದರೆ ನಿನ್ನ ಗಂಟು ಹೋಗುತ್ತಿತ್ತಾ ಮಾರಾಯ್ತಿ?

ಉತ್ತರಿಸು!

ಮೌನದಲ್ಲಿಯೂ ಗರ್ಜಿಸುವ ರಂಗಸಿಂಹ,
ನಿನ್ನ ಪಪ್ಪ ಲೋಕಯ್ಯ


ಫೋರ್ಟ್ ಕೊಚ್ಚಿ
14 ಡಿಸೆಂಬರ್ 2024

ಪ್ರೀತಿಯ ಪಪ್ಪ,

ರಾಜಾಜ್ಞೆ ತಲುಪಿತು. ಕಾಗದ ಬರೆಯದೆ ಎಷ್ಟು ಕಾಲವಾಯಿತೋ, ಪೆನ್ನು ಹಿಡಿದರೆ ಬೆರಳು ನೋಯ್ತದೆ.

ಕೇಳಬಹುದಿತ್ತು, ಒಪ್ಪಿದೆ. ಕೇಳಿದ ಕೂಡಲೇ ಎಂತ ಆಗ್ತದೆ ಗೊತ್ತುಂಟಾ? ಶಾಲು ಸರಿ ಮಾಡಿಕೊಳ್ತಾರೆ. ಕೈ ಎಲ್ಲಿಡುವುದೆಂದು ಗೊತ್ತಾಗದೆ ಕಟ್ಟಿಕೊಳ್ತಾರೆ. ಆಧಾರ್ ಕಾರ್ಡಿಗೆ ಕೊಡುವ ಮುಖ ಕೊಡ್ತಾರೆ. ನಾನು ನೋಡಿದ್ದು ಅಷ್ಟು ಹೊತ್ತಿಗೆ ಎದ್ದು ಹೋಗಿರ್ತದೆ.

ನಿಮ್ಮನ್ನೇ ನೋಡಿ. ನಮ್ಮ ಮನೆಯ ಆಲ್ಬಮ್‌ನಲ್ಲಿ ಪಪ್ಪನ ಫೋಟೋ ಒಂದೂ ಇಲ್ಲ. ರಾಜ ಇದ್ದಾನೆ, ಸೇನಾಪತಿ ಇದ್ದಾನೆ. ಮದುವೆಯ ಫೋಟೋದಲ್ಲಿ ಕೂಡ ಹಿಂದಿನ ದಿನದ ನಾಟಕದ ಕಾಡಿಗೆ ಹಾಗೇ ಉಂಟು. ರೇಶನ್ ಕಾರ್ಡಿನಲ್ಲಿ ಒಂದು ಹುಬ್ಬು ಮೇಲೆ! ನಾನು ಶಾಲೆಗೆ ಹೋಗುವಾಗ ಒಮ್ಮೆ, ನೀವು ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾ ಕೂತಿದ್ದಿರಿ. ಮಾವನ ಕ್ಯಾಮೆರಾದಲ್ಲಿ ಕ್ಲಿಕ್ ಮಾಡಿದೆ. ನೀವು ಎದ್ದು ಬಂದು ರೀಲನ್ನೇ ಹೊರಗೆಳೆದು ಬಿಸಿಲಿಗೆ ಹಿಡಿದಿರಿ. "ಬಣ್ಣ ಇಲ್ಲದ ನಟನನ್ನು ಯಾರೂ ನೋಡಬಾರದು" ಅಂದಿರಿ. ಗೊತ್ತಾಗದ ಹಾಗೆ ತೆಗೆಯಲು ನಾನು ಕಲಿತದ್ದು ಆಮೇಲೆ ಪಪ್ಪ.

ಈಗ ನನ್ನ ಸಂಕಟ ಹೇಳ್ತೇನೆ. ಏಪ್ರಿಲ್‌ನಲ್ಲಿ ಇಲ್ಲಿ ಒಂದು ಪ್ರದರ್ಶನ ಉಂಟು. ನಾನು ಕೆಲಸ ಮಾಡುವ ಸ್ಟುಡಿಯೋದವರು ನನ್ನ ಹೆಸರೂ ಕಳಿಸಿದ್ದರು. ಆ ಮೇಲೆ ನೋಡುವ ಹೆಂಗಸಿನ ಚಿತ್ರ ಆಯ್ಕೆಯಾಗಿದೆ. ಒಳಗೆ ಬರುವಾಗ ಎದುರಿಗೇ ಕಾಣುವ ಗೋಡೆ, ಆಳೆತ್ತರದ ಪ್ರಿಂಟು. ಇಷ್ಟು ವರ್ಷ ಬೇರೆಯವರ ಮದುವೆ ತೆಗೆದವಳಿಗೆ ಮೊದಲ ಸಲ ನನ್ನದು ಎಂದು ಒಂದು ಗೋಡೆ ಸಿಕ್ಕಿದೆ. ಆದರೆ ಮುಖ ಗುರುತು ಸಿಗುವವರ ಒಪ್ಪಿಗೆ ಬೇಕೇ ಬೇಕು ಅಂದಿದ್ದಾರೆ, ಫೆಬ್ರವರಿ ಮುಗಿಯುವುದರೊಳಗೆ. ನನಗೆ ಅವಳ ಹೆಸರು ಕೂಡ ಗೊತ್ತಿಲ್ಲ.

ಅವರು ಕೇಳದಿದ್ದರೂ ನಾನು ಕೇಳಬೇಕಿತ್ತೋ ಏನೋ. ಆ ಚಿತ್ರದ ಎದುರು ನಿಂತಾಗಲೆಲ್ಲ ನನಗೆ ಹಾಗೇ ಅನಿಸ್ತದೆ. ಇಷ್ಟು ದೊಡ್ಡದನ್ನು ಹೇಳದೆ ಎತ್ತಿಕೊಂಡು ಬಂದಿದ್ದೇನೆ.

ಅಮ್ಮನನ್ನು ಕರೆದುಕೊಂಡು ಹೋಗಿ, ಆ ಸಾಲಿನ ಅಂಗಡಿಗಳಲ್ಲಿ ಒಮ್ಮೆ ವಿಚಾರಿಸ್ತೀರಾ? ಅಮ್ಮ ಮಾತಾಡಲಿ. ನೀವು ಸುಮ್ಮನೆ ಜತೆಗಿರಿ. ಮೆಲ್ಲ, ಪಪ್ಪ. ದಯವಿಟ್ಟು ಮೆಲ್ಲ.

ನಿಮ್ಮ,
ಪ್ರಣೀತಾ


ಶಕ್ತಿನಗರ
28 ಡಿಸೆಂಬರ್ 2024

ಭಲೇ ಮಗಳೇ! ಎದುರುಗೋಡೆ! ಆಳೆತ್ತರ!

ನಿನ್ನ ಕಾಗದವನ್ನು ಅಮ್ಮ ಗಟ್ಟಿಯಾಗಿ ಓದಿದಳು. ನಾನು ಎದೆ ತಟ್ಟಿಕೊಂಡೆ, ಮಾತಿಲ್ಲದ್ದರಿಂದ ಸ್ವಲ್ಪ ಜೋರಾಗಿಯೇ. ಇನ್ನು ನಿನ್ನ ಕಾರ್ಯ ಆಯಿತೆಂದು ತಿಳಿ. ಮೆಲ್ಲ ಅಂದೆಯಲ್ಲ, ಆ ಶಬ್ದ ನಮ್ಮ ಮೇಳದಲ್ಲಿ ಚಾಲ್ತಿಯಲ್ಲಿಲ್ಲ.

ನಮ್ಮ ಗುಣಪಾಲ ನೆನಪುಂಟಲ್ಲ? ನಾಟಕದ ದಿನ ರಿಕ್ಷಾಕ್ಕೆ ಎರಡು ಸ್ಪೀಕರ್ ಕಟ್ಟಿ, "ಇಂದು ರಾತ್ರಿ ಇಂದು ರಾತ್ರಿ" ಎಂದು ಊರಿಡೀ ಅನೌನ್ಸ್ ಮಾಡುವವನು. ಅವನನ್ನು ಕರೆಸಿದೆ. ನಿನ್ನ ಚಿತ್ರವನ್ನು ಫ್ಲೆಕ್ಸ್ ಮಾಡಿಸಿದೆ, ರಿಕ್ಷಾದ ಹಿಂಬದಿ ಪೂರ್ತಿ ತುಂಬುವಷ್ಟು! ಮಾತು ನಾನು ಬರೆದೆ, ಸ್ವರ ಗುಣಪಾಲನದ್ದು.

"ಮಹಾಜನಗಳೇ! ಕಲಾಭಿಮಾನಿಗಳೇ! ಈ ಚಿತ್ರದಲ್ಲಿರುವ ಮಹಿಳೆ ಯಾರು? ಅವರು ನೋಡುತ್ತಿರುವುದು ಏನನ್ನು? ಬಲ್ಲವರು ಕೂಡಲೇ ತಿಳಿಸಿರಿ! ಮಂಗಳೂರಿನ ಹೆಮ್ಮೆಯ ಮುಖ! ಮೇಲೆ ನೋಡುವ ಮುಖ!"

ನಾನು ಅವನ ಪಕ್ಕದಲ್ಲಿ ಮಫ್ಲರ್ ಕಟ್ಟಿ ಕೂತೆ. ಪಡೀಲ್‌ನಿಂದ ಹೊರಟು ಕೊಡಿಯಾಲ್‌ಬೈಲ್ ತನಕ ದಿಗ್ವಿಜಯ! ಅಮ್ಮ ಬಾಗಿಲಲ್ಲೇ ತಡೆದಿದ್ದಳು. "ಮಗಳು ಮೆಲ್ಲ ಅಂದದ್ದಲ್ವಾ? ನಿಮಗೆ ಗಂಟಲು ಮಾತ್ರ ಹೋದದ್ದಾ, ಕಿವಿಯೂ ಹೋಯ್ತಾ?" ನಾನು ಸ್ಲೇಟಿನಲ್ಲಿ ಬರೆದು ತೋರಿಸಿದೆ: ಕಳ್ಳತನ ಮೆಲ್ಲ, ಸತ್ಯ ಜೋರು. ನಿನ್ನ ಗುಟ್ಟಿನ ಫೋಟೋವನ್ನು ನಾನು ಹಗಲು ಬೆಳಕಿಗೆ ತಂದಿದ್ದೇನೆ. ಇನ್ನು ಅದರಲ್ಲಿ ಕದ್ದದ್ದು ಎಂಬ ಸೊಲ್ಲಿಲ್ಲ.

ಜನ ಸೇರಿದ್ದೇ ಸೇರಿದ್ದು. "ಕಾಣೆಯಾದವರಾ?" ಎಂದು ಒಬ್ಬ. "ಸಿನೆಮಾ ಯಾವಾಗ ರಿಲೀಸ್?" ಎಂದು ಇನ್ನೊಬ್ಬ. "ಮೇಲಿನ ಫ್ಲ್ಯಾಟಿನಲ್ಲಿ ಯಾರಿದ್ದಾರಪ್ಪಾ?" ಎಂದು ಮತ್ತೊಬ್ಬ ಕಣ್ಣು ಮಿಟುಕಿಸಿದ, ಸುತ್ತಲಿನವರು ನಕ್ಕರು. ಯಾಕೆ ನಕ್ಕರೋ ನನಗೆ ತಿಳಿಯಲಿಲ್ಲ. ಸಂಜೆ ಕೊಡಿಯಾಲ್‌ಬೈಲಿನಲ್ಲಿ ಸ್ವಲ್ಪ ಹೊತ್ತು ರಿಕ್ಷಾ ನಿಲ್ಲಿಸಿದ್ದಕ್ಕೆ ಮಾಡಿನ ಮೇಲೆಲ್ಲ ಬಿಳಿ ಬಿಳಿ ಹಕ್ಕಿ ಹಿಕ್ಕೆ. "ಇಲ್ಲಿ ಚಳಿಗಾಲ ಬಂದ್ರೆ ಇದೇ ಕರ್ಮ ಮಾರಾಯ್ರೆ" ಎಂದು ಗುಣಪಾಲ ಬೈಯುತ್ತಾ ಒರೆಸಿದ. ಅದೊಂದು ಬಿಟ್ಟರೆ ಎಲ್ಲವೂ ಮಂಗಳಕರ.

ಅವಳು ಎಲ್ಲಿದ್ದರೂ ಬಂದೇ ಬರುತ್ತಾಳೆ!

ದಿಗ್ವಿಜಯಿ,
ರಂಗಸಿಂಹ ಲೋಕಯ್ಯ


ಫೋರ್ಟ್ ಕೊಚ್ಚಿ
3 ಜನವರಿ 2025

ಪಪ್ಪ,

ಫ್ಲೆಕ್ಸ್ ತೆಗೆಸಿ. ಇವತ್ತೇ. ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೇನೆ. ಆದರೂ ನಿಮ್ಮ ಕೈಗೆ ನನ್ನ ಅಕ್ಷರ ಬರಲಿ ಎಂದು ಬರೆಯುತ್ತಿದ್ದೇನೆ.

ನಾನು ಅವಳನ್ನು ಕೇಳದೆ ತೆಗೆದೆ. ನೀವು ಅವಳನ್ನು ಕೇಳದೆ ಊರಿಗೆ ಹಂಚಿದಿರಿ. ಇದರಲ್ಲಿ ಸತ್ಯ ಯಾವುದು, ಕಳ್ಳತನ ಯಾವುದು, ನನಗೆ ಗೊತ್ತಾಗ್ತಾ ಇಲ್ಲ.

ಆ ನಕ್ಕವರು ಯಾಕೆ ನಕ್ಕರೆಂದು ಅಮ್ಮನ ಹತ್ತಿರ ಕೇಳಿ.

ಪ್ರಣೀತಾ


ಶಕ್ತಿನಗರ
9 ಜನವರಿ 2025

ಪ್ರಣೀತಾ,

ನೀನು ಹೇಳುವ ಮೊದಲೇ ಅಮ್ಮ ಫ್ಲೆಕ್ಸ್ ತೆಗೆಸಿದ್ದಳು. ಅಷ್ಟರಲ್ಲಿ ಆಗುವುದು ಆಗಿತ್ತು.

ನಿನ್ನೆ ಮಧ್ಯಾಹ್ನ ಅವರು ಬಂದರು. ಗುಣಪಾಲನನ್ನು ಹಿಡಿದು ವಿಳಾಸ ತೆಗೆದುಕೊಂಡರಂತೆ. ಮುಂದೆ ಅವಳು, ಹಿಂದೆ ಗಂಡ ಖಾಲಿದ್. ನಿನ್ನ ಚಿತ್ರದ ಹೆಂಗಸೇ. ಕೈಯಲ್ಲಿ ಅದೇ ಬೀಗದ ಕೈಯ ಗೊಂಚಲು. ಕೊಡಿಯಾಲ್‌ಬೈಲಿನಲ್ಲಿ ಕಿಟಕಿ ಪರದೆಯ ಬಟ್ಟೆಯ ಅಂಗಡಿ ಅವರದ್ದು. ಖಾಲಿದ್ ಕೆಲವು ವರ್ಷ ಸೌದಿಯ ದಮ್ಮಾಮಿನಲ್ಲಿದ್ದು ಬಂದವರು. ಆವಾಗಿನಿಂದ ಅಂಗಡಿ ನಡೆಸಿದ್ದು, ಈಗಲೂ ನಡೆಸುವುದು, ಇವಳೇ.

"ಲೋಕಯ್ಯ ಅಂದ್ರೆ ನೀವಾ?"

ತಲೆಯಾಡಿಸಿದೆ. ಸ್ಲೇಟು ತೋರಿಸಿದೆ.

"ಅವರಿಗೆ ಮಾತಾಡ್ಲಿಕ್ಕೆ ಇಲ್ವಂತೆ" ಎಂದರು ಖಾಲಿದ್, ತಗ್ಗಿದ ದನಿಯಲ್ಲಿ.

"ಇಲ್ವಾ? ರಿಕ್ಷಾದಲ್ಲಿ ಭಯಂಕರ ಮಾತಿತ್ತಲ್ಲ!"

ಅಮ್ಮ ಕೂರಲು ಹೇಳಿದಳು. ಅವಳು ಕೂರಲಿಲ್ಲ.

"ನನ್ನ ಹೆಸರು ನಾಝಿಮಾ. ಈಗ ಹೆಸರು ಹೇಳುವ ಅಗತ್ಯ ಕೂಡ ಇಲ್ಲ. ಮೇಲೆ ನೋಡುವ ಹೆಂಗಸು ಅಂದ್ರೆ ಸಾಕು, ಪಡೀಲ್ ತನಕ ಗೊತ್ತಾಗ್ತದೆ. ಅಂಗಡಿಗೆ ಬಂದವರು ಪರದೆ ನೋಡುದಿಲ್ಲ, ನನ್ನನ್ನು ನೋಡ್ತಾರೆ. ಆಮೇಲೆ ಎದುರಿನ ಕಟ್ಟಡದ ಬಾಲ್ಕನಿ ನೋಡ್ತಾರೆ, ಅಲ್ಲಿ ಯಾರಿದ್ದಾರೆ ಅಂತ. ನಾದಿನಿ ಫೋನ್ ಮಾಡಿ, 'ಅತ್ತಿಗೆ, ಎಂತ ನೋಡಿದ್ದು?' ಅಂತ ನಗ್ತಾಳೆ. ಅದು ಎಂಥಾ ನಗು ಅಂತ ನಿಮಗೆ ಗೊತ್ತುಂಟಾ ಅಣ್ಣ?"

ನಾನು ಮೂರ್ಖಶಿಖಾಮಣಿ. ಸ್ಲೇಟಿನಲ್ಲಿ ಏನು ಬರೆದೆ ಗೊತ್ತಾ? "ನೀವು ನೋಡಿದ್ದು ಏನನ್ನು?"

ಅವಳು ಓದಿದಳು. ಗಂಡನ ಕಡೆ ತಿರುಗಿ, "ನೋಡಿ, ಇವರೂ ಅದನ್ನೇ ಕೇಳ್ತಾರೆ" ಅಂದಳು. ಆಮೇಲೆ ನನಗೆ ಹೇಳಿದಳು: "ಹೇಳುದಿಲ್ಲ. ಇವರಿಗೇ ಹೇಳ್ಲಿಲ್ಲ. ತಪ್ಪು ಮಾಡಿದವರು ಉತ್ತರ ಕೊಡ್ಬೇಕು, ನಾನ್ಯಾಕೆ ಕೊಡ್ಲಿ? ಬೆಳಿಗ್ಗೆ ಎದ್ದಲ್ಲಿಂದ ಮಲಗುವ ತನಕ ಯಾರಾದ್ರೂ ನನ್ನನ್ನು ನೋಡ್ತಾ ಇರ್ತಾರೆ. ಮಕ್ಕಳು, ಅತ್ತೆ, ಗಿರಾಕಿ. ಸಂಜೆ ಸ್ವಲ್ಪ ಹೊತ್ತು ಆ ಫುಟ್‌ಪಾತಿನಲ್ಲಿ ನಿಂತ್ರೆ, ಅಷ್ಟು ಜನರ ನಡುವೆ ನನ್ನನ್ನು ಯಾರೂ ನೋಡುದಿಲ್ಲ. ನನ್ನದು ಅಂತ ಇದ್ದದ್ದು ಅದೊಂದೇ. ಈಗ ಹೊರಗೆ ಕಾಲಿಟ್ರೆ ರಸ್ತೆ ಇಡೀ ನನ್ನ ಕಣ್ಣಿನ ಹಿಂದೆ ಬರ್ತದೆ. ಹೋಯ್ತು ಅದು."

ಮೇಜಿನ ಮೇಲೆ ನಿನ್ನ ಪ್ರಿಂಟು ಇತ್ತು. ಖಾಲಿದ್ ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. "ಈ ಮುಖ ನಾನು ಮನೆಯಲ್ಲಿ ಕಂಡದ್ದಿಲ್ಲ" ಅಂದರು. ಬೈದದ್ದಲ್ಲ ಮಗಳೇ. ಹಾಗೆ ಹೇಳುವಾಗ ಅವರಿಗೇ ಭಯವಾದ ಹಾಗಿತ್ತು. ನಾಝಿಮಾ ಕಿಟಕಿಯ ಕಡೆ ನೋಡಿದಳು.

ಅಮ್ಮ ಧೈರ್ಯ ಮಾಡಿ ನಿನ್ನ ಪ್ರದರ್ಶನದ ವಿಷಯ ತೆಗೆದಳು. "ಇಲ್ಲ" ಅಂದಳು ನಾಝಿಮಾ. ಒಂದೇ ಶಬ್ದ. ಬಾಗಿಲ ತನಕ ಹೋದವಳು ತಿರುಗಿ ನಿಂತು, "ನಿಮ್ಮ ಮಗಳು ಕದ್ದದ್ದು ನನಗೆ ಗೊತ್ತೇ ಆಗಿರ್ಲಿಲ್ಲ ಅಣ್ಣ. ಮರುದಿನವೂ ನಿಂತು ನೋಡಿದ್ದೇನೆ. ಕಸ್ಕೊಂಡದ್ದು ನೀವು" ಅಂದಳು.

ರಂಗದಲ್ಲಿ ಎಷ್ಟು ಸಲ ಸತ್ತು ಬಿದ್ದಿದ್ದೇನೆ. ಬಿದ್ದ ಮೇಲೆ ಇಷ್ಟು ಹೊತ್ತು ಏಳಲಾರದೆ ಇದ್ದದ್ದು ಇಲ್ಲ.

ಲೋಕಯ್ಯ


ಫೋರ್ಟ್ ಕೊಚ್ಚಿ
18 ಜನವರಿ 2025

ನಾಝಿಮಾ ಅಕ್ಕನಿಗೆ,

ನಾನು ಪ್ರಣೀತಾ. ನಿಮ್ಮ ಫೋಟೋ ತೆಗೆದವಳು. ಈ ಕಾಗದವನ್ನು ಅಮ್ಮ ನಿಮ್ಮ ಅಂಗಡಿಗೆ ತಂದು ಕೊಡ್ತಾರೆ.

ಆ ಚಿತ್ರ ಹಾಕುವುದು ಬೇಡವೆಂದು ಇಲ್ಲಿ ಹೇಳಿದ್ದೇನೆ. ಬೇರೆ ಚಿತ್ರ ಕೊಡು ಅಂದರು, ಕೊಡಲಿಲ್ಲ. ಬೇರೆ ಯಾವುದೂ ಅದರ ಹತ್ತಿರ ನಿಲ್ಲುವುದಿಲ್ಲ. ಫೆಬ್ರವರಿ ಕೊನೆ ತನಕ ಗೋಡೆ ಖಾಲಿ ಇಡ್ತಾರಂತೆ, ಆಮೇಲೆ ಬೇರೆಯವರಿಗೆ.

ಚಿತ್ರ ಈಗಲೂ ನನ್ನ ಹತ್ತಿರ ಉಂಟು. ನೀವು ಅಳಿಸು ಅಂದರೆ ಅಳಿಸ್ತೇನೆ. ನಾನಾಗಿ ಅಳಿಸಲು ಕೈ ಬರ್ತಾ ಇಲ್ಲ. ಆ ಮಾತನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ನೀವು ಎಂತ ನೋಡಿದ್ದೆಂದು ನಾನು ಕೇಳುವುದಿಲ್ಲ. ನೀವು ನೋಡುತ್ತಾ ನಿಂತದ್ದನ್ನು ನಾನು ನೋಡಿದೆ, ನನಗೆ ಅಷ್ಟೇ ಸಾಕಾಗಬೇಕಿತ್ತು.

ಕ್ಷಮಿಸಿ.
ಪ್ರಣೀತಾ


ಶಕ್ತಿನಗರ
12 ಫೆಬ್ರವರಿ 2025

ಮಗಳೇ,

ಒಂದು ತಿಂಗಳು ಕಾಗದ ಇಲ್ಲ ಎಂದು ಕೋಪಿಸಿಕೊಳ್ಳಬೇಡ. ನಾನು ರಂಗದ ಮೇಲಿದ್ದೆ!

ನಾಟಕದವರಲ್ಲಿ ಒಂದು ವಿದ್ಯೆ ಉಂಟು. ಅದನ್ನು ಯಾರೂ ಕಲಿಸುವುದಿಲ್ಲ, ಆಪತ್ತು ಕಲಿಸುತ್ತದೆ. "ಕಣ್ಣು ಎಳೆಯುವುದು" ಅಂತೇವೆ ನಾವು. ಒಮ್ಮೆ ನಮ್ಮ ನಾಟಕದ ರಾಣಿಯ ಜಡೆ ಪರದೆಯ ಕೊಕ್ಕೆಗೆ ಸಿಕ್ಕಿ ವಿಗ್ ಇಡೀ ಕಳಚಿ ನೇತಾಡಿತು. ಆ ಕ್ಷಣವೇ ನಾನು ಈಚೆ ತುದಿಯಲ್ಲಿ ಈಟಿ ಸಮೇತ ದಢಾರನೆ ಬಿದ್ದೆ. ಸಭೆಯ ಕಣ್ಣೆಲ್ಲ ನನ್ನ ಮೇಲೆ! ನಾನು ಎದ್ದು ಧೂಳು ಕೊಡವುವಷ್ಟರಲ್ಲಿ ರಾಣಿ ಮತ್ತೆ ರಾಣಿಯಾಗಿದ್ದಳು. ಯಾರಿಗೂ ಏನೂ ಗೊತ್ತಾಗಲಿಲ್ಲ.

ನಾಝಿಮಾ ಹೇಳಿದ್ದು ನನ್ನ ತಲೆಯಲ್ಲಿ ತಿರುಗುತ್ತಲೇ ಇತ್ತು: ರಸ್ತೆ ಇಡೀ ನನ್ನ ಕಣ್ಣಿನ ಹಿಂದೆ ಬರ್ತದೆ. ರಸ್ತೆಯ ಕಣ್ಣನ್ನು ಅವಳ ಮೇಲೆ ಕೂರಿಸಿದವನು ನಾನು. ಎಳೆಯಬೇಕಾದವನೂ ನಾನೇ.

ಟ್ರಂಕು ತೆರೆದೆ. ಕಿರೀಟ, ಭುಜಕೀರ್ತಿ, ಜರಿಯ ನಿಲುವಂಗಿ, ಗೋಂದಿನ ಮೀಸೆ! ಅಮ್ಮ ನೋಡಿ, "ಎಲ್ಲಿಗೆ ಸವಾರಿ?" ಅಂದಳು. ಸ್ಲೇಟಿನಲ್ಲಿ ಬರೆದೆ: ಪ್ರಾಯಶ್ಚಿತ್ತಕ್ಕೆ. ಅವಳು ಏನೂ ಹೇಳದೆ ಮೀಸೆ ನೆಟ್ಟಗೆ ಮಾಡಿದಳು.

ದಿನಾ ಸಂಜೆ ಗುಣಪಾಲ ನನ್ನನ್ನು ಕೊಡಿಯಾಲ್‌ಬೈಲಿನಲ್ಲಿ, ಪರದೆ ಅಂಗಡಿಯ ಎದುರು ಬದಿಯ ಫುಟ್‌ಪಾತಿನಲ್ಲಿ ಇಳಿಸುತ್ತಾನೆ. ಅಲ್ಲಿ ನಾನು ಮೂಕ ಮಹಾರಾಜ. ಟ್ರಾಫಿಕ್ಕಿಗೆ ಅಪ್ಪಣೆ ಕೊಡುತ್ತೇನೆ. ಸಿಟಿ ಬಸ್ಸಿಗೆ ಯುದ್ಧ ಸಾರುತ್ತೇನೆ. ಸ್ಕೂಟರಿನ ಕನ್ನಡಿಯಲ್ಲಿ ಮೀಸೆ ತಿರುವುತ್ತೇನೆ. ಜನ ನಿಲ್ಲುತ್ತಾರೆ, ನಗುತ್ತಾರೆ, ಮೊಬೈಲ್ ಎತ್ತುತ್ತಾರೆ. ನನ್ನ ಫೋಟೋ ಹೊಡೆದವರು ಎಷ್ಟು ಮಂದಿಯೋ, ಒಬ್ಬನಾದರೂ ಕೇಳಲಿಲ್ಲ ನೋಡು! ಪೊಲೀಸಿನವರು ಬಂದು, "ಎಂತ ಅಜ್ಜ ಇದು, ಚಿನ್ನದಂಗಡಿಯ ಜಾಹೀರಾತಾ?" ಎಂದು ಕೇಳಿದರು. ಸ್ಲೇಟು ತೋರಿಸಿದೆ: ಉಚಿತ ಪ್ರದರ್ಶನ. ಅವರೂ ಒಂದು ಸೆಲ್ಫಿ ತೆಗೆದುಕೊಂಡು ಹೋದರು.

ಮೊದಮೊದಲು ಅವಳು ಹೊರಗೆ ಬರಲೇ ಇಲ್ಲ. ಗಾಜಿನ ಹಿಂದಿನಿಂದ ನನ್ನನ್ನು ದುರುಗುಟ್ಟಿ ನೋಡಿದಳು. ಹುಚ್ಚು ಎಂದುಕೊಂಡಿರಬೇಕು. ಆಮೇಲೆ ಒಂದು ಸಂಜೆ ಶಟರ್ ಅರ್ಧ ಎಳೆದು ಮೆಟ್ಟಿಲ ಮೇಲೆ ನಿಂತಳು. ಆಚೆ ನೋಡಿದಳು, ಈಚೆ ನೋಡಿದಳು. ರಸ್ತೆಯ ಒಂದು ಕಣ್ಣೂ ಅವಳ ಮೇಲಿರಲಿಲ್ಲ. ಎಲ್ಲ ನನ್ನ ಬಳಿ ಇದ್ದವು! ಅವಳು ಮೆಲ್ಲ ತಲೆ ಎತ್ತಿದಳು.

ಕಣ್ಣು ಎಳೆಯುವವನು ಒಂದು ಕಟ್ಟಳೆ ಪಾಲಿಸಬೇಕು. ಮುಚ್ಚಬೇಕಾದ ಕಡೆಗೆ ಅವನು ತಾನೇ ನೋಡಬಾರದು. ನೋಡಿದರೆ ಸಭೆಯೂ ನೋಡುತ್ತದೆ. ಅದಕ್ಕೆ ಆ ಸಂಜೆಯ ಮೇಲೆ ನಾನು ಅವಳನ್ನೂ ನೋಡಲಿಲ್ಲ, ಮೇಲೂ ನೋಡಲಿಲ್ಲ. ಹೀಗೇ ನಡೆಯಿತು, ಮೊನ್ನೆಯ ತನಕ.

ಮೊನ್ನೆ ಕಿರೀಟದ ಮೇಲೆ ಏನೋ ಟಪ್ ಎಂದು ಬಿತ್ತು. ಹಿಕ್ಕೆ. ರಾಜನಿಗೆ ಅವಮಾನ! ಸಿಟ್ಟಿನಿಂದ ತಲೆ ಎತ್ತಿದೆ.

ಮೊದಲು ಒಂದು ಹಕ್ಕಿ ಕಂಡಿತು. ಆಮೇಲೆ ನಾಲ್ಕು. ಆಮೇಲೆ, ಅಯ್ಯೋ ಮಗಳೇ, ಆಕಾಶವೇ ಪುಡಿಯಾಗಿ ತಿರುಗಲು ಶುರುವಾದ ಹಾಗೆ! ಮುಷ್ಟಿಯಷ್ಟೂ ಇಲ್ಲದ ಹಕ್ಕಿಗಳು. ಕತ್ತರಿಯಂತೆ ಸೀಳಿದ ಬಾಲ. ಸಾವಿರವೋ, ಹತ್ತು ಸಾವಿರವೋ. ಕಡಲಿನ ಕಡೆಯಿಂದ ಹಿಂಡು ಹಿಂಡಾಗಿ ಬಂದು, ಎರಡು ಕಟ್ಟಡಗಳ ನಡುವಿನ ಆಕಾಶದಲ್ಲಿ ಒಂದು ಮಹಾಚಕ್ರವಾಗಿ ಸುತ್ತಿದವು. ಒಂದರ ರೆಕ್ಕೆ ಇನ್ನೊಂದಕ್ಕೆ ತಾಗಲಿಲ್ಲ. ಅಲ್ಲಿ ನಿರ್ದೇಶಕನಿಲ್ಲ, ಗಂಟೆಯಿಲ್ಲ, ಪರದೆಯ ಹಿಂದಿನಿಂದ ಮಾತು ಹೇಳಿಕೊಡುವವನಿಲ್ಲ. ಹೊತ್ತು ಮುಳುಗುವ ಕೆಂಪು ಅವುಗಳ ಹೊಟ್ಟೆಗೆ ತಾಗಿ ತಿರುಗಿದಾಗಲೆಲ್ಲ ಆಕಾಶ ಮಿನುಗಿ ಆರುತ್ತಿತ್ತು. ಸುತ್ತುತ್ತಾ ಸುತ್ತುತ್ತಾ ಇಳಿದು, ಕರೆಂಟಿನ ತಂತಿಗಳ ಮೇಲೆ ಒತ್ತೊತ್ತಾಗಿ ಕೂತವು. ತಂತಿಯೇ ಕಾಣಿಸಲಿಲ್ಲ. ಈ ರಸ್ತೆಯಲ್ಲಿ ಎಷ್ಟು ಸಲ ಹೋಗಿದ್ದೇನೆ! ನಾವು ಹಾರ್ನ್ ಹೊಡೆಯುತ್ತಾ, ಹಿಕ್ಕೆಗೆ ಬೈಯುತ್ತಾ ಹೋಗುವಾಗ ನಮ್ಮ ನೆತ್ತಿಯ ಮೇಲೆ ಪ್ರತಿ ಸಂಜೆ ಈ ನಾಟಕ ಆಗುತ್ತಿತ್ತು. ಸಭೆಯಲ್ಲಿ ಇದ್ದದ್ದು ಅವಳೊಬ್ಬಳೇ.

ಎಷ್ಟು ಹೊತ್ತು ನಿಂತೆನೋ ತಿಳಿಯದು. ನಾನು ರಾಜ ಎಂಬುದು ಮರೆತಿತ್ತು. ಕೆಳಗೆ ನೋಡಿದಾಗ ಜನ ಚದುರಿದ್ದರು. ರಾಜ ಆಟ ನಿಲ್ಲಿಸಿದ ಮೇಲೆ ಯಾರು ನಿಲ್ಲುತ್ತಾರೆ? ನಾಲ್ಕೈದು ಮಂದಿ ಮಾತ್ರ ನನ್ನ ಹಾಗೆ ಮೇಲೆ ನೋಡುತ್ತಿದ್ದರು. ಆಚೆ ಬದಿಯಲ್ಲಿ ನಾಝಿಮಾ ನನ್ನನ್ನೇ ನೋಡುತ್ತಿದ್ದಳು. ಮೊದಲ ಸಲ ನಕ್ಕಳು. ಕೈಯಲ್ಲಿ ಮೊಬೈಲ್ ಇತ್ತು, ಯಾರಿಗೋ ಫೋನ್ ಮಾಡುತ್ತಿದ್ದಳೋ ಏನೋ.

ಇದು ನಿನಗೆ ಮಾತ್ರ. ಅವಳು ನೋಡಿದ್ದು ಏನೆಂದು ನಾನು ಯಾರಿಗೂ ಹೇಳಿಲ್ಲ. ಅಮ್ಮನಿಗೂ.

ನಿನ್ನ ಪಪ್ಪ,
ಲೋಕಯ್ಯ


ಕೊಡಿಯಾಲ್‌ಬೈಲ್
20 ಫೆಬ್ರವರಿ 2025

ಪ್ರಣೀತಾಗೆ,

ನಿಮ್ಮ ಕಾಗದಕ್ಕೆ ಉತ್ತರ ಕೊಡುವುದು ಬೇಡ ಅಂತ ಇದ್ದೆ. ಈಗ ಕೊಡಬೇಕಾಗಿ ಬಂದಿದೆ, ಯಾಕೆಂದರೆ ನಾನೂ ನಿಮ್ಮ ಹಾಗೇ ಮಾಡಿದ್ದೇನೆ.

ಇದರೊಟ್ಟಿಗೆ ಒಂದು ಫೋಟೋ ಉಂಟು. ಮೊಬೈಲಿನದ್ದು, ಕ್ಲಿಯರ್ ಇಲ್ಲ. ಇಷ್ಟು ದಿನ ನಿಮ್ಮ ತಂದೆಯವರು ಅಲ್ಲಿ ಯಾಕೆ ಕುಣೀತಾರೆ ಅಂತ ನನಗೆ ಸ್ವಲ್ಪ ತಡವಾಗಿ ಗೊತ್ತಾಯಿತು. ಗೊತ್ತಾದ ದಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ. ನಗು ಬಂತೋ ಅಳು ಬಂತೋ ಹೇಳಲಿಕ್ಕೆ ಆಗುವುದಿಲ್ಲ. ಆಮೇಲೆ ಒಂದು ಸಂಜೆ ಅವರು ಮೇಲೆ ನೋಡಿದರು. ನೋಡಿದವರು ಹಾಗೇ ನಿಂತರು. ನನ್ನ ಕೈ ತನ್ನಷ್ಟಕ್ಕೇ ಮೊಬೈಲಿಗೆ ಹೋಯಿತು. ಕೇಳಿದರೆ ಅವರು ರಾಜನಾಗುತ್ತಿದ್ದರು. ಕೇಳಲಿಲ್ಲ. ಕ್ಲಿಕ್ ಆದ ಮೇಲೆ ನಿಮ್ಮ ಮೇಲಿನ ಸಿಟ್ಟನ್ನು ಎಲ್ಲಿಡುವುದು ಅಂತ ಗೊತ್ತಾಗಲಿಲ್ಲ.

ಅವತ್ತು ನಮ್ಮವರೂ ಅಂಗಡಿಯಿಂದ ಹೊರಗೆ ಬಂದಿದ್ದರು, ರಾಜನನ್ನು ನೋಡಲು. ರಾಜ ನೋಡಿದ ಕಡೆ ಅವರೂ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, "ಇದಾ?" ಅಂತ ಕೇಳಿದರು. ಹೌದು ಅಂದೆ. ಈಗ ಅವರೂ ಬಂದು ನಿಲ್ಲುತ್ತಾರೆ, ಸ್ವಲ್ಪ ದೂರದಲ್ಲಿ. ನನ್ನನ್ನು ನೋಡುವುದಿಲ್ಲ. ಅದು ಅವರ ಒಳ್ಳೆಯ ಬುದ್ಧಿ.

ಈಗ ನನ್ನ ಮಾತು ಕೇಳಿ. ಈ ಫೋಟೋ ನಾನು ಲೋಕಯ್ಯ ಅಣ್ಣನಿಗೆ ಇನ್ನೂ ತೋರಿಸಲಿಲ್ಲ. ತೋರಿಸುತ್ತೇನೆ. ಅವರು ಒಪ್ಪಿದರೆ ನನ್ನದೂ ಹಾಕಿ, ಎರಡೂ ಅಕ್ಕಪಕ್ಕ. ಅವರು ಬೇಡ ಅಂದರೆ ನಾನು ಇದನ್ನು ಅಳಿಸುತ್ತೇನೆ, ನೀವು ಅದನ್ನು ಅಳಿಸಿ. ಒಬ್ಬಳೇ ಆ ಗೋಡೆಯಲ್ಲಿ ನಿಲ್ಲಲು ನನಗೆ ಮನಸ್ಸಿಲ್ಲ.

ಹಕ್ಕಿಗಳದ್ದು ಹಾಕಬೇಡಿ. ಎಂತ ನೋಡಿದ್ದು ಅಂತ ಅಲ್ಲಿ ಬಂದವರು ಯೋಚನೆ ಮಾಡಲಿ.

ನಾಝಿಮಾ


ಶಕ್ತಿನಗರ
28 ಫೆಬ್ರವರಿ 2025

ಮಗಳೇ,

ಅಮ್ಮ ನಿನಗೆ ಫೋನಿನಲ್ಲಿ ಹೇಳಿಯಾಗಿದೆ, ಗೊತ್ತುಂಟು. ಆದರೂ ಅದು ಹೇಗಾಯಿತು ಎಂಬುದನ್ನು ನಾನೇ ಬರೆಯಬೇಕು.

ನಿನ್ನೆ ಬೆಳಿಗ್ಗೆ ಡಾಕ್ಟರು ಗಂಟಲೊಳಗೆ ದೀಪ ಹಾಕಿ ನೋಡಿ, "ಇನ್ನು ಒಂದೆರಡು ಮಾತಾಡಬಹುದು. ಮೆಲ್ಲ" ಅಂದರು. ನಾನು ಆಗ ಬಾಯಿ ತೆರೆಯಲಿಲ್ಲ. ಮೊದಲ ಮಾತು ಸಾಮಾನ್ಯದ್ದಾಗಬಾರದು ಎಂದು ತಿಂಗಳುಗಳಿಂದ ಕಾದಿಟ್ಟಿದ್ದೆ. ಸಂಜೆ ತಾರಸಿಗೆ ಹತ್ತಿ, ಶಕ್ತಿನಗರದ ಗುಡ್ಡ ನಡುಗುವ ಹಾಗೆ "ಯಾರಲ್ಲಿ!" ಎಂದು ಕೂಗಬೇಕು. ಅದು ನನ್ನ ಸಂಕಲ್ಪ.

ಮಧ್ಯಾಹ್ನ ನಾಝಿಮಾ ಬಂದಳು, ಒಬ್ಬಳೇ. ಅಮ್ಮ ಒಳಗೆ ಬಂಗುಡೆ ಮೀನು ಹುರಿಯುತ್ತಿದ್ದಳು. ನಾಝಿಮಾ ಕೂತಳು. ಚೀಲದಿಂದ ಒಂದು ಫೋಟೋ ತೆಗೆದು ಮೇಜಿನ ಮೇಲೆ ಇಟ್ಟಳು.

ಕಿರೀಟ ಹಿಂದಕ್ಕೆ ಜಾರಿದ ಒಬ್ಬ ಮುದುಕ. ಮೀಸೆಯ ಒಂದು ಬದಿ ಗೋಂದು ಬಿಟ್ಟು ನೇತಾಡುತ್ತಿದೆ. ಬಾಯಿ ಹಾ ಎಂದು ತೆರೆದಿದೆ, ಬಿದ್ದ ಹಲ್ಲಿನ ಜಾಗ ಕಾಣುತ್ತದೆ. ಕೊರಳಿನ ನೆರಿಗೆ ಒಂದೊಂದೂ ಕಾಣುತ್ತದೆ. ನಾನು ಅದನ್ನು ಕೂಡಲೇ ಮಗುಚಿಟ್ಟೆ. ಮಗಳೇ, ಮೈಯೆಲ್ಲ ಉರಿಯಿತು. ನನ್ನನ್ನು ಕೇಳದೆ! ನಾನು ಸಿದ್ಧನಿಲ್ಲದಿರುವಾಗ!

ಸ್ಲೇಟು ಎಳೆದು ಬರೆದೆ: ಬೇರೆ ತೆಗೆಯೋಣ. ವೇಷ ಸರಿ ಮಾಡಿ ನಿಂತು ಕೊಡುತ್ತೇನೆ.

"ರಾಜನದ್ದು ಬೇಡ ಅಣ್ಣ" ಅಂದಳು. "ಅದು ಊರಿನವರ ಮೊಬೈಲಿನಲ್ಲೆಲ್ಲ ಉಂಟು."

ನಾನು ಬರೆದದ್ದನ್ನು ಒರೆಸಿದೆ.

"ಒತ್ತಾಯ ಮಾಡ್ಲಿಕ್ಕೆ ಬಂದದ್ದಲ್ಲ. ಕೇಳ್ಲಿಕ್ಕೆ ಬಂದದ್ದು. ತೆಗೆಯುವಾಗ ಕೇಳ್ಲಿಲ್ಲ, ಈಗ ಕೇಳ್ತಾ ಇದ್ದೇನೆ. ಬೇಡ ಅಂದ್ರೆ ನಿಮ್ಮ ಕಣ್ಣೆದುರೇ ಅಳಿಸ್ತೇನೆ." ಮೊಬೈಲ್ ತೆರೆದು ಮೇಜಿನ ಮೇಲಿಟ್ಟಳು. ಬೆರಳು ಅದರ ಮೇಲೆಯೇ ಇತ್ತು. ಅವಸರ ಮಾಡಲಿಲ್ಲ. ಹಾಗೆ ಯಾರೂ ನನಗಾಗಿ ಕಾದದ್ದಿಲ್ಲ.

ಮಗುಚಿಟ್ಟದ್ದನ್ನು ಮತ್ತೆ ತಿರುಗಿಸಿದೆ.

ಈ ಸಲ ಕಿರೀಟ ಕಾಣಲಿಲ್ಲ, ಮೀಸೆ ಕಾಣಲಿಲ್ಲ. ಕಣ್ಣು ಕಂಡಿತು. ಅರುವತ್ತೆಂಟು ವರ್ಷ ಈ ಮುಖದ ಹಿಂದೆ ವಾಸ ಮಾಡಿದ್ದೇನೆ, ಎದುರಿನಿಂದ ಕಂಡದ್ದು ಇದೇ ಮೊದಲು. ಅವನು ಯಾರನ್ನೂ ಮೆಚ್ಚಿಸುತ್ತಿರಲಿಲ್ಲ. ಅವನು ಸುಮ್ಮನೆ ನೋಡುತ್ತಿದ್ದ, ಕೊನೆಯ ಸಾಲಿನಲ್ಲಿ ನಿಂತು ನಾಟಕ ನೋಡುವವನ ಹಾಗೆ. ನೀನು ಸಣ್ಣವಳಿರುವಾಗ ತೆಗೆದ ಆ ರೀಲಿನಲ್ಲಿಯೂ ಇವನೇ ಇದ್ದನೋ ಏನೋ. ಅವನನ್ನು ನಾನು ಬಿಸಿಲಿಗೆ ಹಿಡಿದುಬಿಟ್ಟೆ.

"ಒಪ್ಪಿಗೆ ಉಂಟಾ ಅಣ್ಣ?"

ಸ್ಲೇಟು ಕೈಯಲ್ಲೇ ಇತ್ತು. ಆದರೆ ಇದನ್ನು ಬರೆದು ತೋರಿಸುವುದು ಸರಿ ಎನಿಸಲಿಲ್ಲ. ತಾರಸಿ ಮರೆತುಹೋಯಿತು. ಬಾಯಿ ತೆರೆದೆ. ಎಲ್ಲಿಂದಲೋ ಒಂದು ಸಣ್ಣ ಸ್ವರ ಬಂತು. ಒಣಗಿದ್ದು, ನಡುಗುವಂಥದ್ದು, ನಾನು ಎಂದೂ ಕೇಳದ್ದು.

"ಉಂಟು."

ಅಡುಗೆಮನೆಯಲ್ಲಿ ಬಾಣಲೆಯ ಸದ್ದು ನಿಂತಿತು. ಒಳಗಿನಿಂದ ನಿನ್ನ ಅಮ್ಮ ಕೇಳಿದಳು: "ನಾಝಿಮಾ, ಹೊರಗೆ ಮತ್ತೆ ಯಾರು ಬಂದದ್ದು?"

ಪಪ್ಪ